ಮೀನು ಮಾರ್ಕೆಟ್‌ಗೆ ಬೀಗ, ಮಾರುವವರು ಬೀದಿಯಲ್ಲಿ: ಸರ್ಕಾರದ ಕೈಗೆ ಇಷ್ಟು ದುಡ್ಡು ಯಾಕೆ ಕೊಡಬೇಕು?

ಅಘನಾಶಿನಿ ದಂಡೆ
ಎಲ್ಲರಿಗೂ ನಮಸ್ಕಾರ. ಕುಮಟಾ–ಹೊನ್ನಾವರ ಮಧ್ಯದವನು ನಾನು, ಊರಿನ ಹೆಸರು ಬೇಡ. ತುಂಬಾ ದಿನದಿಂದ ಕೊರೆಯುತ್ತಿರುವ ಒಂದು ವಿಷಯ ಕೇಳಬೇಕಿತ್ತು.

ನಮ್ಮ ಪೇಟೆಯಲ್ಲಿ ಹೊಸ ಮೀನು ಮಾರ್ಕೆಟ್ ಕಟ್ಟಿದ್ದಾರೆ. ಟೈಲ್ಸ್ ಹಾಕಿದ ಕಟ್ಟೆ, ಮೇಲೆ ಶೀಟು, ಎದುರಿಗೆ ಕಪ್ಪು ಕಲ್ಲಿನ ಮೇಲೆ ಹೆಸರುಗಳ ಸಾಲು. ಆದರೆ ಅದು ಇರುವುದು ಬಸ್ ಸ್ಟ್ಯಾಂಡಿನಿಂದ ಮುಕ್ಕಾಲು ಕಿಲೋಮೀಟರ್ ದೂರ, ಗದ್ದೆ ಬದಿಗೆ. ಸಂಜೆ ಬಸ್ಸಿಳಿದು ಮನೆಗೆ ಓಡುವವರು ಎರಡು ಬಂಗುಡೆಗಾಗಿ ಅಲ್ಲಿಗೆ ನಡೆದು ಹೋಗುತ್ತಾರಾ? ನನ್ನ ದೊಡ್ಡತ್ತೆ ಮೂವತ್ತು ವರ್ಷದಿಂದ ಮೀನು ಮಾರುತ್ತಿದ್ದಾರೆ. ಅವರನ್ನಾಗಲಿ, ಅವರ ಜೊತೆ ಕೂರುವ ಹೆಂಗಸರನ್ನಾಗಲಿ ಕಟ್ಟುವ ಮುಂಚೆ ಒಬ್ಬರೂ ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು: ಬಸ್ ಸ್ಟ್ಯಾಂಡ್ ಹತ್ತಿರವೇ ಒಂದು ನೆರಳು ಮಾಡಿ, ಒಂದು ನಲ್ಲಿ ಕೊಡಿ, ಸಾಕು. ಈಗ ಆ ಕಟ್ಟಡದ ಗೇಟಿಗೆ ಬೀಗ, ಒಳಗೆ ಹುಲ್ಲು.

ಕಳೆದ ಮಳೆಗಾಲದಲ್ಲಿ ಇನ್ನೊಂದು ನಡೆಯಿತು. ರಸ್ತೆ ಬದಿ ಕೂರಬಾರದು, ನಿಮಗೆ ಅಂತಲೇ ಮಾರ್ಕೆಟ್ ಕಟ್ಟಿದ್ದೇವಲ್ಲ, ಅಲ್ಲಿಗೆ ಹೋಗಿ ಅಂತ ಇವರನ್ನೆಲ್ಲ ಎಬ್ಬಿಸಿದರು. ಎಬ್ಬಿಸಲು ಬಂದವರೇ ಇವರ ಬುಟ್ಟಿ ಎತ್ತಿಕೊಂಡು ಹೋದರು. ಅತ್ತೆಯ ಆ ದಿನದ ಮೀನು ಪೂರ್ತಿ ಹಾಳಾಯಿತು. ಸಾಲ ತಂದು ಕೊಂಡ ಮೀನು.

ನನ್ನ ಸಂಕಟ ದುಡ್ಡು ಪೋಲಾದದ್ದಕ್ಕೆ ಮಾತ್ರ ಅಲ್ಲ. ನಮ್ಮದೇ ದುಡ್ಡಲ್ಲಿ ನಮಗೆ ಬೇಡದ್ದನ್ನು ಕಟ್ಟಿ, ಆಮೇಲೆ ಅದನ್ನು ಬಳಸಿ ಅಂತ ನಮ್ಮ ಮೇಲೆಯೇ ಜೋರು ಮಾಡುತ್ತಾರಲ್ಲ, ಅದಕ್ಕೆ. ಅತ್ತೆ ಇನ್‌ಕಂ ಟ್ಯಾಕ್ಸ್ ಕಟ್ಟುವುದಿಲ್ಲ, ನಿಜ. ಆದರೆ ಸೋಪು, ಮೊಬೈಲ್ ರೀಚಾರ್ಜು, ಮೀನು ತರುವ ಟೆಂಪೋದ ಡೀಸೆಲ್, ಎಲ್ಲದರಲ್ಲೂ ಅವರ ಪಾಲು ಹೋಗುತ್ತದೆ. 2024ರ ಜೂನ್‌ನಲ್ಲಿ ರಾಜ್ಯ ಸರ್ಕಾರ ಮಾರಾಟ ತೆರಿಗೆ ಏರಿಸಿ ಡೀಸೆಲ್ ಲೀಟರಿಗೆ ಸುಮಾರು 3 ರೂಪಾಯಿ ಜಾಸ್ತಿ ಆಯಿತು, 2025ರ ಏಪ್ರಿಲ್‌ನಲ್ಲಿ ಮತ್ತೆ ಏರಿಸಿದರು. ಟೆಂಪೋದವನು ಬಾಡಿಗೆ ಏರಿಸದೆ ಇರುತ್ತಾನಾ?

ಹಾಗಾಗಿ ಕೇಳುತ್ತಿದ್ದೇನೆ. ಸರ್ಕಾರದ ಕೈಗೆ ಹೋಗುವ ದುಡ್ಡೇ ಕಡಿಮೆಯಾಗಬೇಕು, ಅದರ ಅಧಿಕಾರವೂ ಕಡಿಮೆಯಾಗಬೇಕು ಅಂದರೆ ತಪ್ಪಾ? ಅಥವಾ ಉಸ್ತುವಾರಿ ಸರಿಮಾಡಿದರೆ ಸಾಕಾ?

ಬೆಟ್ಟದ ತೋಟಿಗ, ಶಿರಸಿ
ತಪ್ಪಲ್ಲ. ನಾನು ಇದನ್ನೇ ಹತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ, ಕೇಳಿದವರು ಇವನು ಬಡವರ ವಿರೋಧಿ ಅನ್ನುತ್ತಾರೆ. ನಿಮ್ಮ ಅತ್ತೆಯ ಬುಟ್ಟಿ ಎತ್ತಿದವರು ಯಾರು, ಮಾರುಕಟ್ಟೆಯಾ, ಸರ್ಕಾರವಾ?

1974ರಲ್ಲಿ ನೊಬೆಲ್ ಪಡೆದ ಹಯೆಕ್ ಎಂಬ ಅರ್ಥಶಾಸ್ತ್ರಜ್ಞರ ಮುಖ್ಯ ವಾದ ನಿಮ್ಮ ಕಥೆಯಲ್ಲೇ ಇದೆ. ಯಾವ ಹೊತ್ತಿಗೆ ಯಾವ ಬಸ್ ಬರುತ್ತದೆ, ಯಾರು ಬಂಗುಡೆ ಕೇಳುತ್ತಾರೆ, ಯಾರು ತಾರ್ಲೆ ಸಾಕು ಅನ್ನುತ್ತಾರೆ, ಸಂಜೆ ಎಷ್ಟೊತ್ತಿಗೆ ರೇಟು ಇಳಿಸಬೇಕು, ಇದೆಲ್ಲ ಅತ್ತೆಯ ತಲೆಯಲ್ಲಿದೆ. ಇಂಥ ತಿಳಿವಳಿಕೆ ಊರ ತುಂಬಾ ಚೂರು ಚೂರಾಗಿ ಹಂಚಿಹೋಗಿರುತ್ತದೆ, ಅದನ್ನು ಒಂದು ಆಫೀಸಿನ ಟೇಬಲ್ ಮೇಲೆ ಒಟ್ಟು ಮಾಡಲು ಆಗುವುದಿಲ್ಲ. ಅಧಿಕಾರಿ ಎಷ್ಟೇ ಪ್ರಾಮಾಣಿಕನಾಗಿದ್ದರೂ ಆಗುವುದಿಲ್ಲ. ಉಸ್ತುವಾರಿ ಸಾಕಾ ಅನ್ನುವ ಪ್ರಶ್ನೆಗೆ ನನ್ನ ಉತ್ತರ ಇದೇ. ಲಂಚ ಒಂದು ಪೈಸೆ ಇಲ್ಲದಿದ್ದರೂ ಆ ಕಟ್ಟಡ ಗದ್ದೆ ಬದಿಗೇ ಬರುತ್ತಿತ್ತು.

ನಮ್ಮವರೇ ಒಬ್ಬರು ಇದನ್ನು ಹೇಳಿ ಒಂಟಿಯಾದರು, ಬಿ.ಆರ್. ಶೆಣೈ. ಹಳೆಯ ದಕ್ಷಿಣ ಕನ್ನಡ ಜಿಲ್ಲೆಯವರು. 1955ರಲ್ಲಿ ಎರಡನೇ ಪಂಚವಾರ್ಷಿಕ ಯೋಜನೆಗೆ ಅರ್ಥಶಾಸ್ತ್ರಜ್ಞರ ಸಮಿತಿ ಮಾಡಿದಾಗ ಉಳಿದವರೆಲ್ಲ ಒಪ್ಪಿದರು, ಇವರೊಬ್ಬರು ಭಿನ್ನಮತ ಬರೆದರು. ಇಲ್ಲದ ದುಡ್ಡನ್ನು ನೋಟು ಛಾಪಿಸಿ ಖರ್ಚು ಮಾಡಿದರೆ ಬೆಲೆ ಏರುತ್ತದೆ, ಅದರ ಏಟು ಬೀಳುವುದು ಬಡವನಿಗೆ ಅಂದರು. ಯೋಜನೆಯಲ್ಲಿ 1200 ಕೋಟಿ ರೂಪಾಯಿ ಹಾಗೆ ತುಂಬಿಸುವ ಲೆಕ್ಕ ಇತ್ತು. 1957ರಲ್ಲಿ ವಿದೇಶಿ ವಿನಿಮಯಕ್ಕೇ ಪರದಾಡುವ ಸ್ಥಿತಿ ಬಂತು. ಕರಾವಳಿಯ ಎಷ್ಟು ಜನಕ್ಕೆ ಈ ಹೆಸರು ಗೊತ್ತು? ನಮ್ಮ ಶಾಲೆಯಲ್ಲಂತೂ ಯಾರೂ ಹೇಳಲಿಲ್ಲ.

ಜನ ತಾವೇ ಸೇರಿ ಏನೂ ಮಾಡಲಾರರು ಅನ್ನುವವರು ಶಿರಸಿಗೆ ಬನ್ನಿ. ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ವ್ಯಾಪಾರಿ ಹೇಳಿದ ರೇಟಿಗೇ ಅಡಿಕೆ ಕೊಡಬೇಕಾಗಿದ್ದ ಬೆಳೆಗಾರರು ಕೂಡಿ ಕಟ್ಟಿಕೊಂಡದ್ದು. ಅದರಲ್ಲೂ ಕೊರತೆ ಇರಬಹುದು, ಆದರೆ ನನಗೆ ಬೇಡ ಅನಿಸಿದ ದಿನ ನನ್ನ ಅಡಿಕೆ ಬೇರೆ ವಖಾರಿಗೆ ಹಾಕಬಹುದು. ತೆರಿಗೆಗೆ ಆ ಸ್ವಾತಂತ್ರ್ಯ ಇದೆಯಾ?

ಶರಾವತಿ ಮಗಳು
ತೋಟಿಗರೇ, ನಿಮ್ಮ ಮಾತು ಓದಲು ಚೆನ್ನಾಗಿದೆ. ಆದರೆ ನಾನು ಒಪ್ಪುವುದಿಲ್ಲ.

ನನ್ನ ಅಪ್ಪ ಅಂಗಳದಲ್ಲಿ ಜಾರಿ ಬಿದ್ದು ತಲೆಗೆ ಪೆಟ್ಟಾದಾಗ ಹೊನ್ನಾವರದಿಂದ ಮಣಿಪಾಲಕ್ಕೆ ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದೆವು. ಮಳೆ, ರಾತ್ರಿ, ಎರಡು ಗಂಟೆಗೂ ಜಾಸ್ತಿ ದಾರಿ. ಅಷ್ಟೂ ಹೊತ್ತು ಅವರ ಕೈ ಹಿಡಿದು ಕೂತಿದ್ದೆ. ಕಾರವಾರದವರು ಗೋವಾದ ಬಾಂಬೋಳಿ ಮೆಡಿಕಲ್ ಕಾಲೇಜ್ ಆಸ್ಪತ್ರೆಗೆ ಓಡುತ್ತಾರೆ. 2022ರ ಜುಲೈನಲ್ಲಿ ಶಿರೂರು ಟೋಲ್‌ನಲ್ಲಿ ಆಂಬುಲೆನ್ಸ್ ಮಗುಚಿ ನಮ್ಮ ಜನ ಸತ್ತ ಮೇಲೆ ಇಡೀ ಉತ್ತರ ಕನ್ನಡ ಜಿಲ್ಲೆ ನಮಗೂ ಆಸ್ಪತ್ರೆ ಕೊಡಿ ಅಂತ ಕೂಗಿತು, ನೆನಪಿದೆ ಅಲ್ವಾ? ಖಾಸಗಿಯವರು ಇಷ್ಟು ವರ್ಷ ಯಾಕೆ ಬರಲಿಲ್ಲ? ನಮ್ಮಲ್ಲಿ ಕಾಡು ಜಾಸ್ತಿ, ಜನ ಕಡಿಮೆ, ಲಾಭ ಇಲ್ಲ. ಸರ್ಕಾರದ ಕೈಗೆ ದುಡ್ಡು ಬೇಡ ಅಂದರೆ ನಮ್ಮಂಥವರು ಎಲ್ಲಿಗೆ ಹೋಗಬೇಕು?

ಪೋಲು ನಿಲ್ಲಿಸಿ ಅನ್ನಿ, ಸೇರುತ್ತೇನೆ. ತೆಗೆದೇ ಹಾಕಿ ಅಂದರೆ ಸೇರುವುದಿಲ್ಲ.

ಬೆಟ್ಟದ ತೋಟಿಗ, ಶಿರಸಿ
ಅಕ್ಕ, ಅಪ್ಪ ಈಗ ಹೇಗಿದ್ದಾರೆ? ನಿಮ್ಮ ಮಾತು ನನಗೂ ತಟ್ಟಿತು. ತೆಗೆದೇ ಹಾಕಿ ಅಂತ ನಾನು ಹೇಳಿಲ್ಲ. ಪೊಲೀಸು, ಕೋರ್ಟು, ಅಪಘಾತದ ಚಿಕಿತ್ಸೆ, ಇಷ್ಟನ್ನಾದರೂ ಸರ್ಕಾರ ಸರಿಯಾಗಿ ಮಾಡಲಿ. ಬೀಗ ಬಿದ್ದ ಮಾರ್ಕೆಟ್ಟು, ನೀರಿಲ್ಲದ ಟ್ಯಾಂಕು, ವರ್ಷಕ್ಕೆ ಎರಡು ಸಲ ತೆರೆಯುವ ಭವನ, ಇವೆಲ್ಲ ಸೇರಿಯೇ ನಿಮ್ಮ ಆಸ್ಪತ್ರೆಯನ್ನು ತಿಂದಿವೆ. ಕಟ್ಟಿದ ಭವನ ಎಲ್ಲರ ಕಣ್ಣಿಗೆ ಬೀಳುತ್ತದೆ. ಅದರಿಂದ ಬರದೇ ಹೋದ ಆಸ್ಪತ್ರೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಹಳೇ ಎಂಬಿ ಪುಸ್ತಕ
ಸರ್ಕಾರಿ ಇಂಜಿನಿಯರ್ ಆಗಿದ್ದು ರಿಟೈರ್ ಆದವನು ನಾನು, ಇಲಾಖೆ ಯಾವುದು ಅಂತ ಬೇಡ. ಇಂಥ ಕಟ್ಟಡ ಹೇಗೆ ಹುಟ್ಟುತ್ತದೆ ಅಂತ ಒಳಗಿನಿಂದ ನೋಡಿದ್ದನ್ನು ಹೇಳುತ್ತೇನೆ.

ದುಡ್ಡು ಬರುವಾಗಲೇ ಅದಕ್ಕೆ ಒಂದು ಹೆಡ್, ಅಂದರೆ ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವ ಶೀರ್ಷಿಕೆ, ಇರುತ್ತದೆ. ಮಾರ್ಕೆಟ್ ಕಟ್ಟಡ ಅಂತ ಬಂದರೆ ಕಟ್ಟಡವೇ ಆಗಬೇಕು, ನೆರಳು ಮತ್ತು ನಲ್ಲಿ ಅಂತ ಬದಲಿಸಲು ಕೆಳಗಿನವರಿಗೆ ಅಧಿಕಾರ ಇಲ್ಲ. ಆಮೇಲೆ ಜಾಗ. ಸ್ಥಳೀಯ ಸಂಸ್ಥೆಯ ಹೆಸರಲ್ಲಿ ಪಹಣಿ ಇರುವ ಜಾಗವೇ ಬೇಕು. ನಮ್ಮ ಜಿಲ್ಲೆಯ ಹೆಚ್ಚಿನ ಭಾಗ ಅರಣ್ಯ, ಸಮುದ್ರದ ಬದಿಗೆ ಕಟ್ಟಡಕ್ಕೆ ನಿರ್ಬಂಧ ಇರುವ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ), ಪೇಟೆ ನಡುವೆ ಎಲ್ಲ ಖಾಸಗಿ. ಉಳಿಯುವುದು ಊರ ಹೊರಗಿನ ಯಾರಿಗೂ ಬೇಡದ ಮೂಲೆ. ಮಾರ್ಚ್ 31 ಹತ್ತಿರ ಬಂದ ಹಾಗೆ ಮೇಲಿನಿಂದ ಬರುವ ಪ್ರಶ್ನೆ ಒಂದೇ, ಎಷ್ಟು ಖರ್ಚಾಯಿತು? ಖರ್ಚಾಗದಿದ್ದರೆ ಅನುದಾನ ವಾಪಸ್, ಮುಂದಿನ ಸಲ ಕಡಿತ. ಉಳಿಸಿದವನಿಗೆ ಛೀಮಾರಿ, ಮುಗಿಸಿದವನಿಗೆ ಶಾಭಾಸ್. ಎಂಬಿ, ಅಂದರೆ ಕೆಲಸದ ಅಳತೆ ಪುಸ್ತಕ, ಬರೆದು ಬಿಲ್ ಪಾಸಾದ ಮೇಲೆ ಆ ಕಟ್ಟಡದಲ್ಲಿ ಜನ ಕೂತರಾ ಅಂತ ಕೇಳುವ ಒಂದು ಕಾಲಂ ಕೂಡ ನಾನು ತುಂಬಿದ ಯಾವ ಫಾರಂನಲ್ಲೂ ಇರಲಿಲ್ಲ. ಕರೆಂಟು, ಗುಡಿಸುವುದು, ನೀರು, ಇದಕ್ಕೆ ಬೇರೆ ದುಡ್ಡು ಇರುವುದಿಲ್ಲ. ಹಾಗಾಗಿ ಬೀಗ.

ತೋಟಿಗರ ಮಾತಿನಲ್ಲಿ ಒಂದನ್ನು ಒಪ್ಪುತ್ತೇನೆ. ನನ್ನ ಜೊತೆ ಕೆಲಸ ಮಾಡಿದ ಎಷ್ಟೋ ಜನ ಪ್ರಾಮಾಣಿಕರು, ಅವರ ಕೈಯಲ್ಲೂ ಇಂಥ ಕಟ್ಟಡಗಳೇ ಆದವು. ಆ ಬೇಸರ ಈಗಲೂ ಇದೆ. ಆದರೆ ಮದ್ದು ಬೇರೆ. ದುಡ್ಡು ಕಡಿಮೆ ಮಾಡುವುದಕ್ಕಿಂತ ಹೆಡ್ ಇಲ್ಲದ ದುಡ್ಡು ಊರಿಗೇ ಕೊಡಿ. ಊರಿನವರೇ ಸಂಗ್ರಹಿಸಿ ಊರಿನವರೇ ತೀರ್ಮಾನ ಮಾಡಿದರೆ ಇನ್ನೂ ಒಳ್ಳೆಯದು.

ಉಪ್ಪಿನ ಆಗರ
ಅಂಕೋಲೆಯವನು. ಖರ್ಚಿನ ವಿಷಯ ಎಲ್ಲರೂ ಹೇಳಿದರು, ಬುಟ್ಟಿ ಎತ್ತಿದ ವಿಷಯ ಯಾರೂ ಹಿಡಿಯಲಿಲ್ಲ. ನನಗೆ ಅದೇ ದೊಡ್ಡದು.

2014ರಲ್ಲಿ ಬೀದಿ ವ್ಯಾಪಾರಿಗಳ ಕಾಯ್ದೆ ಬಂದಿದೆ. ನಿಮ್ಮದು ಪಟ್ಟಣ ಆದ್ದರಿಂದ ಅನ್ವಯ ಆಗುತ್ತದೆ. ಅದರ ಪ್ರಕಾರ ವ್ಯಾಪಾರಿಗಳ ಸಮೀಕ್ಷೆ ಮುಗಿಯುವ ತನಕ ಎಬ್ಬಿಸುವ ಹಾಗಿಲ್ಲ. ಎಬ್ಬಿಸಬೇಕಾದರೂ 30 ದಿನದ ನೋಟಿಸ್ ಬೇಕು. ಸಾಮಾನು ಹಿಡಿದರೆ ಪಟ್ಟಿ ಬರೆದು ಕೊಡಬೇಕು, ಮೀನಿನ ಹಾಗೆ ಕೆಡುವ ಸಾಮಾನಾದರೆ ಕೇಳಿದ ದಿನವೇ ವಾಪಸ್ ಕೊಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ. 40ರಷ್ಟು ಬೀದಿ ವ್ಯಾಪಾರಿಗಳೇ ಇರಬೇಕು. ನಿಮ್ಮ ಅತ್ತೆಗೆ ಇದನ್ನು ಯಾರಾದರೂ ಹೇಳಿದ್ದಾರಾ?

ನಮ್ಮ ಊರಿಗೆ ಇದು ಹೊಸದಲ್ಲ. 1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ಆಯಿತು, ಎಂ.ಪಿ. ನಾಡಕರ್ಣಿಯವರ ಮುಂದಾಳತ್ವ. ಆಮೇಲೆ ಅಂಕೋಲಾ, ಶಿರಸಿ, ಸಿದ್ದಾಪುರದ ರೈತರು ಕರ ಕೊಡುವುದಿಲ್ಲ ಅಂತ ನಿಂತರು, ಭೂಮಿ ಕಳೆದುಕೊಂಡರೂ ಬಗ್ಗಲಿಲ್ಲ. ಆಗ ಪರಕೀಯರ ಸರ್ಕಾರ, ಈಗ ನಮ್ಮದು, ಅದು ಗೊತ್ತು. ಆದರೂ ತಾನು ದುಡಿದದ್ದನ್ನು ಕಣ್ಣೆದುರೇ ಹೊತ್ತುಕೊಂಡು ಹೋಗುವಾಗ ಆ ಹೆಂಗಸಿಗೆ ಆಗುವ ನೋವಿನಲ್ಲಿ ವ್ಯತ್ಯಾಸ ಏನಿದೆ?

ಅಘನಾಶಿನಿ ದಂಡೆ
ಇಷ್ಟು ಜನ ಬರೆಯುತ್ತೀರಿ ಅಂತ ಅಂದುಕೊಂಡಿರಲಿಲ್ಲ. ರಾತ್ರಿ ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಶೆಣೈ, ಹಯೆಕ್ ಅಂದಾಗ ಸುಮ್ನೆ ಕೇಳುತ್ತಿದ್ದರು. ಮೀನಾದರೆ ಅದೇ ದಿನ ವಾಪಸ್ ಕೊಡಬೇಕು ಅನ್ನುವ ಕಡೆ ನಿಲ್ಲಿಸಿ, ಅದನ್ನು ಇನ್ನೊಂದು ಸಲ ಓದು ಅಂದರು.

ಶರಾವತಿ ಮಗಳ ಮಾತು ಬಿಡಲು ನನಗೂ ಆಗುವುದಿಲ್ಲ, ನಮ್ಮ ಮನೆಯಲ್ಲೂ ಒಬ್ಬರನ್ನು ಅದೇ ದಾರಿಯಲ್ಲಿ ಕಳೆದುಕೊಂಡಿದ್ದೇವೆ. ಆದರೆ ಎಂಬಿ ಸರ್ ಹೇಳಿದ್ದು ಓದಿದ ಮೇಲೆ ಬರೀ ಉಸ್ತುವಾರಿಯಿಂದ ಇದು ಸರಿಯಾಗುತ್ತದೆ ಅನ್ನುವ ನಂಬಿಕೆ ಹೋಯಿತು. ಖರ್ಚು ಮಾಡಿದ್ದನ್ನೇ ಸಾಧನೆ ಅಂತ ಎಣಿಸುವ ಕಡೆಗೆ ಇನ್ನಷ್ಟು ದುಡ್ಡು ಕೊಡಿ ಅಂತ ನಾನು ಹೇಳಲಾರೆ.

ಮಾಹಿತಿ ಹಕ್ಕಿನಲ್ಲಿ ಎರಡು ಅರ್ಜಿ ಹಾಕುತ್ತಿದ್ದೇನೆ. ಜಾಗ ಆರಿಸಿದ ಠರಾವಿನ ಪ್ರತಿ ಒಂದು, ಬೀದಿ ವ್ಯಾಪಾರಿಗಳ ಸಮೀಕ್ಷೆ ಆಗಿದೆಯಾ ಅಂತ ಇನ್ನೊಂದು. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, 10 ರೂಪಾಯಿ ಶುಲ್ಕ. 30 ದಿನದೊಳಗೆ ಉತ್ತರ ಕೊಡಬೇಕು. ಎರಡಕ್ಕೂ ಅರ್ಜಿದಾರರು ಅತ್ತೆಯೇ. ನಾನು ಬರೆದುಕೊಟ್ಟೆ, ಅವರು ಸಹಿ ಹಾಕಿದರು. ಉತ್ತರ ಬಂದರೆ ಇಲ್ಲೇ ಹಾಕುತ್ತೇನೆ.