ಹಾಜರಿ, ಕಾಣಿಕೆ ಬಿಟ್ಟರೆ ಸಭೆ ಬೆಳೆದಿದೆ ಅಂತ ತಿಳಿಯುವುದು ಹೇಗೆ?

ಹೊಸ ಕಮಿಟಿ ಮೆಂಬರ್:
ಈ ವರ್ಷ ನಮ್ಮ ಚರ್ಚಿನ, ಅಂದರೆ ನಮ್ಮ ಸಭೆಯ, ವಾರ್ಷಿಕ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಹಳೆಯ ವರದಿಗಳನ್ನು ತೆಗೆದು ನೋಡಿದೆ. ಎಲ್ಲದರಲ್ಲೂ ಅದೇ ಲೆಕ್ಕ. ದೀಕ್ಷಾಸ್ನಾನ ಎಷ್ಟು, ಕಾಣಿಕೆ ಎಷ್ಟು, ಸುಗ್ಗಿ ಹಬ್ಬದ ಹರಾಜಿನಲ್ಲಿ ಬಂದದ್ದೆಷ್ಟು. ಹೋದ ವರ್ಷದ್ದರಲ್ಲಿ ಹೊಸ ಸೌಂಡ್ ಸಿಸ್ಟಮ್ ಬಗ್ಗೆಯೇ ಒಂದೂವರೆ ಪುಟ ಇದೆ. ಆದರೆ ಅದೇ ವರ್ಷ ನಮ್ಮಲ್ಲಿ ಅಣ್ಣ ತಮ್ಮ ಇಬ್ಬರು ಜಮೀನಿನ ಜಗಳದಲ್ಲಿ ಮಾತು ಬಿಟ್ಟರು. ಆರಾಧನೆಯಲ್ಲಿ ಒಬ್ಬರು ಎಡಕ್ಕೆ, ಒಬ್ಬರು ಬಲಕ್ಕೆ ಕೂರುತ್ತಾರೆ, ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಅಣ್ಣ ಎದ್ದರೆ ತಮ್ಮ ಕೊನೇ ಸಾಲು ಬರುವವರೆಗೆ ಕಾಯುತ್ತಾನೆ. ಇದು ಯಾವ ವರದಿಯಲ್ಲೂ ಇಲ್ಲ. ಜನ ನಿಜವಾಗಿ ಯೇಸುವಿನ ದಾರಿಯಲ್ಲಿ ಬೆಳೀತಿದ್ದಾರಾ ಅಂತ ಅಳೆಯಲು ಆಗುತ್ತದಾ? ಅಥವಾ ಅಳೆಯುವುದೇ ತಪ್ಪಾ?

ಸಂಡೇ ಸ್ಕೂಲ್ ಟೀಚರ್:
ಎಣಿಸುವುದು ತಪ್ಪಲ್ಲ. ಬೈಬಲ್ಲಿನ ಲೂಕ 15ರಲ್ಲಿ ನೂರರಲ್ಲಿ ಒಂದು ಕುರಿ ಇಲ್ಲ ಅಂತ ಕುರುಬನಿಗೆ ಗೊತ್ತಾಗಿದ್ದು ಎಣಿಸಿದ್ದರಿಂದಲೇ ಅಲ್ವಾ. ರಾಜ ದಾವೀದನೂ ಜನರನ್ನು ಎಣಿಸಿದ, 2 ಸಮುವೇಲ 24 ಓದಿ, ಅಲ್ಲಿ ಲೆಕ್ಕ ಸಿಕ್ಕಿದ್ದು ಕತ್ತಿ ಹಿಡಿಯುವವರದ್ದು, ಆಮೇಲೆ ಅದು ಪಾಪ ಅಂತ ಅವನೇ ಒಪ್ಪಿಕೊಂಡ. ಯಾಕೆ ಎಣಿಸುತ್ತೇವೆ ಅನ್ನುವುದೇ ಮುಖ್ಯ. ನನ್ನ ಹಾಜರಿ ಪುಸ್ತಕದಲ್ಲಿ ಬಂದವರಿಗೆ ಟಿಕ್ ಹಾಕಿ ಸುಮ್ನೆ ಬಿಡುವುದಿಲ್ಲ, ಬಾರದವರ ಹೆಸರಿನ ಮುಂದೆ ಕಾರಣ ಬರೆಯುತ್ತೇನೆ. ಒಬ್ಬ ಹುಡುಗನ ಮುಂದೆ ಮೂರು ಭಾನುವಾರ ಖಾಲಿ ಇತ್ತು. ಮನೆಗೆ ಹೋದೆ. ಅಪ್ಪ ಬಿದ್ದು ಕಾಲು ಮುರಿದುಕೊಂಡಿದ್ದರು, ಹುಡುಗ ಟೀ ಅಂಗಡಿಯಲ್ಲಿ ಲೋಟ ತೊಳೆಯುತ್ತಿದ್ದ. ಆ ಖಾಲಿ ಜಾಗ ನೋಡದಿದ್ದರೆ ನಮಗೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಮೈಸೂರು ಕಡೆಯವನು:
ನಮ್ಮದು ಮೊದಲು ವೆಸ್ಲಿಯನ್ ಮಿಷನ್ನಿನ ಸಭೆ, 1947ರಲ್ಲಿ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸೇರಿತು. ಹಾಗಾಗಿ ಈ ಕಥೆ ನನಗೆ ಇಷ್ಟ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ, ಮೆಥಡಿಸ್ಟ್ ಪಂಗಡ ಶುರು ಮಾಡಿದ ಜಾನ್ ವೆಸ್ಲಿಯವರ ಜನರಿಗೆ ಕೂಟದ ಮನೆ ಕಟ್ಟಿದ ಸಾಲ ಇತ್ತು. ತಲೆಗೆ ವಾರಕ್ಕೊಂದು ಪೆನ್ನಿ, ಸುಮಾರು ಹನ್ನೆರಡು ಜನರಿಗೊಬ್ಬ ಮುಖಂಡ, ಅವನು ಮನೆ ಮನೆಗೆ ಹೋಗಿ ವಸೂಲಿ ಮಾಡಬೇಕು. ಹೋದಾಗ ಕಂಡದ್ದು ಬೇರೆಯೇ. ಯಾರು ಕುಡೀತಾರೆ, ಯಾವ ಮನೆಯಲ್ಲಿ ಜಗಳ, ಎಲ್ಲ ಬಾಗಿಲಲ್ಲೇ ಗೊತ್ತಾಯಿತು. ಇಷ್ಟು ದಿನ ತಾವು ಹುಡುಕುತ್ತಿದ್ದದ್ದು ಇದನ್ನೇ ಅಂತ ವೆಸ್ಲಿಯವರಿಗೆ ಹೊಳೆಯಿತು. ಕ್ಲಾಸ್ ಮೀಟಿಂಗ್ ಶುರುವಾದದ್ದು ಹಾಗೆ, ನಿನ್ನ ಆತ್ಮ ಹೇಗಿದೆ ಅಂತ ವಾರ ವಾರ ಕೇಳುವ ಕೂಟ. ನಮ್ಮಲ್ಲಿ ಈಗ ಚಂದಾ ಕೇಳಲು ಮಾತ್ರ ಮನೆಗೆ ಹೋಗುತ್ತೇವೆ, ರಸೀದಿ ಹರಿದು ಕೊಟ್ಟು ಎದ್ದು ಬರುತ್ತೇವೆ, ಇದು ನನಗೆ ತುಂಬಾ ನೋವಿನ ವಿಷಯ. ಒಂದು ಎಚ್ಚರ, ಮನೆಯಲ್ಲಿ ಕೇಳಿದ್ದನ್ನು ಕಮಿಟಿಯಲ್ಲಿ ಹರಡಿದರೆ ಮತ್ತೆ ಯಾರೂ ಬಾಗಿಲು ತೆಗೆಯುವುದಿಲ್ಲ.

ಬೆಂಗಳೂರಿನ ಅಕೌಂಟೆಂಟ್:
ಕಾರ್ಯಕ್ರಮ ಜಾಸ್ತಿ ಆದರೆ ಜನ ಬೆಳೆದರು ಅಂತ ನಾನೂ ನಂಬಿದ್ದೆ. ಅಮೆರಿಕದ ವಿಲ್ಲೋ ಕ್ರೀಕ್ ಎಷ್ಟು ದೊಡ್ಡ ಸಭೆ, ಅವರೇ ತಮ್ಮ ಜನರನ್ನು ಕೇಳಿ, ಕಾರ್ಯಕ್ರಮಗಳಿಗೆ ಹೆಚ್ಚು ಬಂದ ಮಾತ್ರಕ್ಕೆ ದೇವರ ಮೇಲಿನ ಪ್ರೀತಿ ಹೆಚ್ಚುವುದಿಲ್ಲ ಅಂತ 2007ರಲ್ಲಿ ಒಪ್ಪಿಕೊಂಡರು. ಹೆಚ್ಚು ಸಹಾಯ ಮಾಡಿದ್ದು ದಿನಾ ಬೈಬಲ್ ವಾಕ್ಯ ಓದಿ ಧ್ಯಾನಿಸುವುದು. ಸೇವೆಯ ಗುರಿ ತಪ್ಪಿದೆಯಾ ಅಂತ ತಿಳಿಯಲು ನಿಮ್ಮ ಲೆಕ್ಕದ ಪುಸ್ತಕವೇ ಸಾಕು. ನೂರು ರೂಪಾಯಿಯಲ್ಲಿ ಎಷ್ಟು ಚರ್ಚ್ ಕಾಂಪೌಂಡ್ ದಾಟಿ ಹೊರಗೆ ಹೋಗಿದೆ ನೋಡಿ. ನಮ್ಮಲ್ಲಿ ನೋಡಿದಾಗ ಪೇಂಟ್, ಶಾಮಿಯಾನ, ಊಟ ಇದೇ ತುಂಬಿತ್ತು. ಈಗ ಮೀಟಿಂಗಿನಲ್ಲಿ ಕಾಯಿಲೆಯವರು, ಕಾಣದವರು, ಮುನಿಸಿಕೊಂಡವರ ಹೆಸರು ಮೊದಲು, ಹಣದ ಮಾತು ಆಮೇಲೆ. ವಿವರ ಕೆದಕುವುದಿಲ್ಲ, ಯಾರು ಹೋಗಿ ಬರುತ್ತಾರೆ ಅಂತ ಮಾತ್ರ ಬರೆದುಕೊಳ್ಳುತ್ತೇವೆ.

ಹೊಸ ಕಮಿಟಿ ಮೆಂಬರ್:
ಎಲ್ಲರಿಗೂ ವಂದನೆ. ಅಣ್ಣ ತಮ್ಮಂದಿರನ್ನು ನೋಡಲು ನಮ್ಮ ಅಯ್ಯನವರ (ಪಾಸ್ಟರ್) ಜೊತೆ ಗುರುವಾರ ಹೋಗುತ್ತೇನೆ. ಇಬ್ಬರನ್ನೂ ಒಟ್ಟಿಗೆ ಕೂರಿಸಲಾ, ಬೇರೆ ಬೇರೆನಾ?

ಸಂಡೇ ಸ್ಕೂಲ್ ಟೀಚರ್:
ಬೇರೆ ಬೇರೆ. ಮೊದಲು ಅಣ್ಣನ ಮನೆಗೆ ಹೋಗಿ. ಜಮೀನಿನ ವಿಷಯ ನೀವಾಗಿ ಎತ್ತಬೇಡಿ, ಅವರ ತಾಯಿ ಇದ್ದರೆ ಪಕ್ಕದಲ್ಲಿ ಕೂರಲಿ.