ಮನೆ ತುಂಬ ಜನ ಇದ್ದರೂ ಅಮ್ಮ ಮಂಕಾಗಿದ್ದಾರೆ, ಯಾಕೆ?

ಪ್ರಶ್ನೆ: ಡಾಕ್ಟ್ರೇ, ನಮ್ಮ ಅಮ್ಮನಿಗೆ 72 ವರ್ಷ. ಅಪ್ಪ ತೀರಿಕೊಂಡು ಒಂದು ವರ್ಷ ಆಗುತ್ತಾ ಬಂತು. ಒಬ್ಬರೇ ಇರುವುದು ಬೇಡ ಅಂತ ಐದು ತಿಂಗಳ ಹಿಂದೆ ನಮ್ಮ ಮನೆಗೆ ಕರೆದುಕೊಂಡು ಬಂದೆವು. ಅಲ್ಲಿ ಹೇಗೋ ಓಡಾಡಿಕೊಂಡಿದ್ದರು. ಇಲ್ಲಿ ಮಾತು ಕಡಿಮೆ, ಊಟ ಸೇರುವುದಿಲ್ಲ, ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಕೂತಿರುತ್ತಾರೆ. ಕಿಟಕಿ ತೆಗೆಯುವುದಕ್ಕೂ 'ತೆಗೀಲಾ?' ಅಂತ ಕೇಳುತ್ತಾರೆ. ಕರೆತಂದಿದ್ದೇ ತಪ್ಪಾಯಿತಾ?

ಉತ್ತರ (ಮನೋವೈದ್ಯೆ): ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಆದರೆ ಆ ಕಿಟಕಿಯ ಮಾತನ್ನು ನಾನು ಎರಡು ಸಲ ಓದಿದೆ. ಅಲ್ಲಿ ಇಡೀ ಮನೆ ಅವರ ಕೈಯಲ್ಲಿತ್ತು. ಇಲ್ಲಿ ಗಾಳಿ ಬೇಕಾದರೂ ಇನ್ನೊಬ್ಬರನ್ನು ಕೇಳಬೇಕು ಅನ್ನಿಸುತ್ತಿದೆ. ಗಂಡ ಹೋದ ಮೇಲೆ ಮನೆ, ಅಕ್ಕಪಕ್ಕದವರು, ದಿನದ ಕೆಲಸ ಎಲ್ಲವೂ ಒಟ್ಟಿಗೇ ಕೈಬಿಟ್ಟವು ಅಲ್ವಾ?

ಒಬ್ಬರೇ ಇರುವ ಹಿರಿಯರಲ್ಲಿ ಖಿನ್ನತೆ ಸ್ವಲ್ಪ ಜಾಸ್ತಿ ಕಾಣುತ್ತದೆ, ನಿಜ. ಹಾಗಂತ ಒಬ್ಬರೇ ಇರುವವರೆಲ್ಲ ಒಂಟಿಗಳಲ್ಲ, ತುಂಬಿದ ಮನೆಯಲ್ಲೂ ಒಂಟಿತನ ಇರುತ್ತದೆ. 'ಬೇಕೆಂದಾಗ ನನಗೊಬ್ಬರಿದ್ದಾರೆ' ಅನ್ನುವ ನಂಬಿಕೆ ಮನಸ್ಸನ್ನು ಎಷ್ಟು ಕಾಯುತ್ತದೋ, ಸುತ್ತ ಇರುವ ಜನರ ಲೆಕ್ಕ ಅಷ್ಟು ಕಾಯುವುದಿಲ್ಲ. ಮನೆಯಲ್ಲಿ ದಿನಾ ಕಿರಿಕಿರಿ ಇದ್ದರಂತೂ ಜೊತೆಗಿದ್ದೂ ಉಪಯೋಗವಿಲ್ಲ. ಇನ್ನೊಂದು ವಿಷಯ ನಾವೆಲ್ಲ ಮರೆಯುತ್ತೇವೆ. ಬರೀ ಸಹಾಯ ಪಡೆಯುತ್ತಾ ಕೂತರೆ 'ನಾನು ಭಾರ' ಅನ್ನಿಸತೊಡಗುತ್ತದೆ. 'ನೀವು ಸುಮ್ನೆ ಕೂತಿರಿ' ಅನ್ನುವುದು ನಮಗೆ ಪ್ರೀತಿ, ಅವರಿಗೆ ನಿವೃತ್ತಿಯ ಆದೇಶ. ನಿಜಕ್ಕೂ ಮನೆಗೆ ಬೇಕಾದ ಒಂದು ಕೆಲಸ ಅವರದೇ ಆಗಿರಲಿ. ಹಳೆಯ ಗೆಳತಿಯರ ಜೊತೆ ಮಾತು ತಪ್ಪದಿರಲಿ.

ಇಷ್ಟಕ್ಕೇ ಬಿಡಬೇಡಿ, ಡಾಕ್ಟರಿಗೆ ತೋರಿಸಲೇಬೇಕು. ನಿದ್ದೆ, ಹಸಿವು, ಮಾತು ಮೂರೂ ಎರಡು ವಾರಕ್ಕಿಂತ ಜಾಸ್ತಿ ಹೀಗೇ ಇದ್ದರೆ ಅದನ್ನು 'ವಯಸ್ಸಾಯ್ತು' ಅಂತ ತಳ್ಳಿಹಾಕುವ ಹಾಗಿಲ್ಲ. ಹಿರಿಯರು 'ಬೇಜಾರು' ಅನ್ನುವುದು ಕಡಿಮೆ. ಮೈಕೈ ನೋವು, ಸುಸ್ತು, ಮರೆವು ಅನ್ನುತ್ತಾರೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಕೆಲವು ಮಾತ್ರೆಗಳಿಂದಲೂ ಹೀಗಾಗಬಹುದು. ಕಿವಿ ಮಂದವಾಗಿದ್ದರೂ ಜನ ಮಾತಿನಿಂದ ಹಿಂದೆ ಸರಿಯುತ್ತಾರೆ. ಹಿರಿಯರಿಗೆಂದೇ ಮಾಡಿದ, ಹೌದು-ಇಲ್ಲ ಅಂತ ಉತ್ತರಿಸುವ 15 ಪ್ರಶ್ನೆಗಳ ಪಟ್ಟಿ ಇದೆ. ಅದರಲ್ಲಿ 5ಕ್ಕಿಂತ ಜಾಸ್ತಿ ಅಂಕ ಬಂದರೆ ಇನ್ನಷ್ಟು ವಿವರವಾಗಿ ನೋಡುತ್ತೇವೆ. ಔಷಧಿ ಬೇಕಾದರೆ ಸಣ್ಣ ಪ್ರಮಾಣದಿಂದ ಶುರು ಮಾಡುತ್ತೇವೆ. ಗುಣ ಕಾಣಲು ನಾಲ್ಕರಿಂದ ಆರು ವಾರ, ಕೆಲವರಿಗೆ ಇನ್ನೂ ಜಾಸ್ತಿ ಬೇಕು. ಆತುರಪಟ್ಟು ನಿಲ್ಲಿಸಬೇಡಿ. 'ಬದುಕಿ ಏನು ಪ್ರಯೋಜನ' ಅನ್ನುವ ಮಾತು ಬಂದರೆ ಅವತ್ತೇ ಕರೆದುಕೊಂಡು ಹೋಗಿ.

ಇನ್ನೊಬ್ಬರ ಪ್ರಶ್ನೆ: ನಮ್ಮಪ್ಪನಿಗೆ 78. ಅಮ್ಮ ಹೋದ ಮೇಲೂ ಒಬ್ಬರೇ ಇದ್ದಾರೆ, ಕರೆದರೆ ಬರುವುದಿಲ್ಲ. ಬಲವಂತ ಮಾಡಬೇಕಾ?

ಉತ್ತರ: ಅಡುಗೆ, ಔಷಧಿ, ಓಡಾಟ ನಿಭಾಯಿಸುತ್ತಿದ್ದರೆ ಬೇಡ. ಆದರೆ ಎಷ್ಟೋ ಗಂಡಸರಿಗೆ ಮನಸ್ಸು ಬಿಚ್ಚಿ ಮಾತಾಡಲು ಇದ್ದವರು ಹೆಂಡತಿ ಒಬ್ಬರೇ. ಆಕೆ ಹೋದರೆ ಆ ಬಾಗಿಲೇ ಮುಚ್ಚಿದ ಹಾಗೆ. ಹಾಗಾಗಿ ಕಣ್ಣಿಟ್ಟಿರಿ. ದಿನಾ ಹೋಗುತ್ತಿದ್ದ ವಾಕಿಂಗ್ ಬಿಟ್ಟರಾ? ಗಡ್ಡ ಹಾಗೇ ಬಿಟ್ಟಿದ್ದಾರಾ? ಕುಡಿತ ಹೆಚ್ಚಾಯಿತಾ? ಫೋನಿನಲ್ಲಿ 'ಊಟ ಆಯ್ತಾ' ಅಂದರೆ 'ಆಯ್ತು' ಅನ್ನುತ್ತಾರೆ, ಮುಗಿಯಿತು. 'ಇವತ್ತು ಯಾರು ಸಿಕ್ಕಿದ್ದರು?' ಅಂತ ಕೇಳಿ. ವಾರದುದ್ದಕ್ಕೂ 'ಯಾರೂ ಇಲ್ಲ' ಅಂತಲೇ ಬಂದರೆ ಹೋಗಿ ನೋಡಿ ಬನ್ನಿ.

ಮೊದಲು ಕೇಳಿದವರು: ನಿನ್ನೆ ಅಮ್ಮನಿಗೆ ಹಳೆಯ ಪಕ್ಕದ ಮನೆಯವರ ಫೋನ್ ಹಚ್ಚಿಕೊಟ್ಟೆ. ನಲವತ್ತು ನಿಮಿಷ ಮಾತಾಡಿದರು, ಆಮೇಲೆ ಅತ್ತರು. ನಾಳೆ ಡಾಕ್ಟರ್ ಹತ್ತಿರ ಹೊರಟಿದ್ದೇವೆ.

ಉತ್ತರ: ಅಳಲಿ, ತಡೆಯಬೇಡಿ. ತೆಗೆದುಕೊಳ್ಳುವ ಮಾತ್ರೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಡಾಕ್ಟರ್ ಪ್ರಶ್ನೆ ಕೇಳಿದಾಗ ಅಮ್ಮನೇ ಉತ್ತರಿಸಲಿ. ತಡವಾದರೂ ಕಾಯಿರಿ, ನೀವು ನಡುವೆ ಬಾಯಿ ಹಾಕಬೇಡಿ.