ಕಾತ್ರಜ್ ಕೆರೆ, ಸಾರಸ್ ಬಾಗ್, ಶನಿವಾರವಾಡೆ: ಒಂದೇ ದಿನದಲ್ಲಿ ಮುಗಿಯುತ್ತದೆಯೇ?

ಬಾಣೇರ್ ನಿವಾಸಿ ಕೇಳಿದ್ದು:
ಹುಬ್ಬಳ್ಳಿಯಿಂದ ಪುಣೆಗೆ ಅಪ್ಪ-ಅವ್ವ ಬರ್ತಿದ್ದಾರೆ, ಜತೆಗೆ 6 ವರ್ಷದ ಮಗು. ಕಾತ್ರಜ್‌ನ ಪ್ರಾಣಿಸಂಗ್ರಹಾಲಯ, ಅಲ್ಲೇ ಇರುವ ಕೆರೆ, ಆಮೇಲೆ ಪೇಶ್ವೆ ಕಾಲದ ಒಂದೆರಡು ಜಾಗ ತೋರಿಸಬೇಕು. ಅವ್ವನಿಗೆ ಮೊಣಕಾಲು ನೋವು. ನನಗೆ ಬುಧವಾರ ಬಿಡುವಿದೆ. ಯಾವುದನ್ನು ಮೊದಲು ನೋಡೋದು? ಕಾರು ಒಯ್ಯಬೇಕಾ?

ಸಾತಾರಾ ರಸ್ತೆಯವರು:
ಬುಧವಾರ ಬೇಡವೇ ಬೇಡ, ರಾಜೀವ್ ಗಾಂಧಿ ಪ್ರಾಣಿಸಂಗ್ರಹಾಲಯಕ್ಕೆ ವಾರದ ರಜೆ ಅಂದೇ. ಗುರುವಾರ ಅಥವಾ ಶುಕ್ರವಾರ ಇಟ್ಟುಕೊಳ್ಳಿ. ಭಾನುವಾರ ಮಗುವಿಗೆ ಹುಲಿಗಿಂತ ಜನರ ಬೆನ್ನೇ ಹೆಚ್ಚು ಕಾಣುತ್ತದೆ.

ಬಾಗಿಲು ತೆರೆಯುವುದು ಬೆಳಿಗ್ಗೆ 9:30ಕ್ಕೆ. ಆಗಲೇ ಒಳಗಿರಿ. ಬಿಸಿಲು ಏರಿದ ಮೇಲೆ ಹುಲಿ, ಕರಡಿಗಳೆಲ್ಲ ನೆರಳು ಹಿಡಿದು ಮಲಗುತ್ತವೆ, ಆಮೇಲೆ ಎಷ್ಟು ಹೊತ್ತು ಜಾಲರಿಗೆ ಮುಖ ಒತ್ತಿ ನಿಂತರೂ ಅಷ್ಟೇ. ಜಾಗ ಸುಮಾರು 130 ಎಕರೆ, ಅದರಲ್ಲಿ ಕೆರೆಯೇ 42 ಎಕರೆ. ಪೂರ್ತಿ ನಡೆದರೆ ಅಮ್ಮನ ಮೊಣಕಾಲು ಕೆರೆ ಕಾಣುವುದಕ್ಕೆ ಮುಂಚೆಯೇ ಕೈಕೊಡುತ್ತದೆ. ಬ್ಯಾಟರಿ ಗಾಡಿಯ ಟಿಕೆಟನ್ನು ಒಳಗೆ ಹೋದ ಕೂಡಲೇ ಮಾಡಿಸಿ, ಸುಸ್ತಾದ ಮೇಲೆ ಹುಡುಕಿದರೆ ಸಾಲು ಉದ್ದವಾಗಿರುತ್ತದೆ. ಹಾವುಗಳ ವಿಭಾಗ ತಪ್ಪಿಸಬೇಡಿ. 1986ರಲ್ಲಿ ಇಲ್ಲಿ ಮೊದಲು ಶುರುವಾದದ್ದು ಅದೇ. ಪ್ರಾಣಿಸಂಗ್ರಹಾಲಯ ಬಂದದ್ದು 1999ರಲ್ಲಿ, ಪೇಶ್ವೆ ಪಾರ್ಕ್‌ನ ಇಕ್ಕಟ್ಟಿನಲ್ಲಿದ್ದ ಪ್ರಾಣಿಗಳನ್ನು ಇಲ್ಲಿಗೆ ತಂದಾಗ.

ಕಾರು ಬೇಡ. ಸ್ವಾರಗೇಟ್-ಕಾತ್ರಜ್ ನಡುವೆ ಪಿಎಂಪಿ (ನಗರ ಸಾರಿಗೆ) ಬಸ್ಸು ಬೇಕಾದಷ್ಟಿವೆ. ಒಂದೇ ತೊಡಕು, ಬಿಆರ್‌ಟಿ, ಅಂದರೆ ಬಸ್ಸಿಗೇ ಮೀಸಲಾದ ಪಥದ, ನಿಲ್ದಾಣಗಳು ರಸ್ತೆಯ ನಡುವೆ ಇವೆ. ಹಿರಿಯರ ಜತೆ ಸಿಗ್ನಲ್ ಇದ್ದಲ್ಲೇ ದಾಟಿ.

ಹಳೇ ಪೇಠೆಗಳ ಹುಚ್ಚು:
ಕಾತ್ರಜ್ ಕೆರೆಯನ್ನು ಸುಮ್ಮನೆ ‘ಪಾರ್ಕಿನ ಕೆರೆ’ ಎಂದುಕೊಂಡು ಹೋದರೆ ಅರ್ಧ ನಷ್ಟ. ಹೂಳು, ಅಂತರಗಂಗೆ ನೋಡಿ ಮೂಗು ಮುರಿಯುವವರೇ ಹೆಚ್ಚು. ಆದರೆ ಇದು 1750ರ ಆಸುಪಾಸಿನಲ್ಲಿ ನಾನಾಸಾಹೇಬ್ ಪೇಶ್ವೆ ಕಟ್ಟಿಸಿದ ನೀರಿನ ವ್ಯವಸ್ಥೆಯ ತಲೆ. ಮೇಲೊಂದು, ಕೆಳಗೊಂದು, ಹೀಗೆ ಎರಡು ಕಟ್ಟೆ. ಮೇಲಿನದರಲ್ಲಿ ಮಣ್ಣು ತಳ ಸೇರಿದ ಮೇಲೆ ತಿಳಿನೀರು ಕೆಳಗಿನ ಕೆರೆಗೆ ಬರಬೇಕು, ಅಲ್ಲಿಂದ ನೆಲದಡಿಯ ಕಾಲುವೆ ಹಿಡಿದು ಊರಿಗೆ. ರಾಟೆಯೂ ಇಲ್ಲ, ಎತ್ತೂ ಇಲ್ಲ, ಬರೀ ಇಳಿಜಾರು. ಕಾಲುವೆಯೊಳಗೆ ಆಳು ಇಳಿದು ನಡೆಯಬಹುದು. ದಾರಿಯುದ್ದಕ್ಕೂ ‘ಉಚ್ಛ್ವಾಸ’ಗಳಿವೆ, ನೆಲದ ಮೇಲೆ ಎದ್ದ ಇಟ್ಟಿಗೆ-ಕಲ್ಲಿನ ಕಂಬದಂಥವು. ಒಳಗೆ ಸಿಕ್ಕಿಕೊಂಡ ಗಾಳಿ ಹೊರಹೋಗದಿದ್ದರೆ ನೀರು ತಡೆಯುತ್ತದೆ, ಅದಕ್ಕೆ ಅವು. ಹೂಳು ತೆಗೆಯಲು ಇಳಿಯುವುದಕ್ಕೂ ಅವೇ ದಾರಿ.

ನೀರು ಕೊನೆಗೆ ಸೇರುತ್ತಿದ್ದದ್ದು ಪೇಠೆಗಳ ‘ಹೌದು’ಗಳಿಗೆ (ನೀರಿನ ತೊಟ್ಟಿಗಳಿಗೆ), ಪೇಶ್ವೆಗಳ ಕೋಟೆ-ಅರಮನೆಯಾದ ಶನಿವಾರವಾಡೆಯ ಕಾರಂಜಿಗಳಿಗೆ. ಅದಕ್ಕೇ ನನ್ನ ಸಲಹೆ, ನೀರು ಹರಿದ ದಿಕ್ಕಿನಲ್ಲೇ ಹೋಗಿ: ಬೆಳಿಗ್ಗೆ ಕಾತ್ರಜ್, ನಡುವೆ ಸಾರಸ್ ಬಾಗ್, ಕೊನೆಗೆ ವಾಡೆ. ವಾಡೆಯೊಳಗೆ ಹಜಾರಿ ಕಾರಂಜಿ ಹುಡುಕಿ. 16 ಎಸಳಿನ ಕಮಲದಾಕಾರ, 196 ಚಿಲುಮೆಬಾಯಿ. ಬೆಳಿಗ್ಗೆ ಕೆರೆ ನೋಡಿದವರಿಗೆ ಮಾತ್ರ ಈ ಒಣ ಕಲ್ಲಿನ ತೊಟ್ಟಿ ಏನೆಂದು ಹೊಳೆಯುತ್ತದೆ.

ಸಾರಸ್ ಬಾಗ್ ಕೂಡ ಕೆರೆಯೇ ಆಗಿತ್ತು. ಕಾತ್ರಜ್ ಕಡೆಯಿಂದ ಇಳಿದು ಬರುವ ಆಂಬಿಲ್ ಹಳ್ಳಕ್ಕೆ ಪರ್ವತಿ ಗುಡ್ಡದ ಬುಡದಲ್ಲಿ ಕಟ್ಟೆ ಹಾಕಿಸಿದ್ದರು. ನಡುಗಡ್ಡೆಯಲ್ಲಿ ಗಣಪತಿ ಸ್ಥಾಪನೆ 1784ರಲ್ಲಿ, ಪೇಶ್ವೆ ಸವಾಯಿ ಮಾಧವರಾಯರ ಕಾಲ. ಕೆರೆ ಹೋಗಿ ಹುಲ್ಲುಹಾಸು ಬಂದಿದೆ, ದೇವಸ್ಥಾನದ ಸುತ್ತ ಕೊಳವೊಂದು ಉಳಿದಿದೆ. ಹಳ್ಳ ಮಾತ್ರ ತನ್ನ ಜಾಗ ಮರೆತಿಲ್ಲ, 2019ರ ಸೆಪ್ಟೆಂಬರ್ 25ರ ರಾತ್ರಿ ಉಕ್ಕಿ ಹರಿದು ಮನೆಗಳಿಗೆ ನುಗ್ಗಿತ್ತು.

ಕೋಥ್ರೂಡ್ ಕನ್ನಡಿಗ:
ಯಾರಾದರೂ ‘ಪರ್ವತಿಯೂ ಪಕ್ಕದಲ್ಲೇ ಇದೆ’ ಅಂತಾರೆ, ಕೇಳಬೇಡಿ. 103 ಮೆಟ್ಟಿಲು, ಅಗಲವಾಗಿದ್ದರೂ ಮಧ್ಯಾಹ್ನ ಕಲ್ಲು ಕಾದಿರುತ್ತದೆ, ಹತ್ತುವಾಗ ನೆರಳಿಲ್ಲ. ಅಪ್ಪನಿಗೆ ಆಸೆಯಿದ್ದರೆ ಮರುದಿನ ಬೆಳಗಿನ ಜಾವ ಅವರೊಬ್ಬರನ್ನೇ ಕರೆದೊಯ್ಯಿರಿ. ನಾನಾಸಾಹೇಬ್ 1761ರಲ್ಲಿ, ಪಾಣಿಪತ್ತಿನ ಸೋಲಿನ ಬೆನ್ನಿಗೇ, ತೀರಿಕೊಂಡದ್ದು ಆ ಗುಡ್ಡದ ಮೇಲೆ.

‘ನೀರಿನ ದಿಕ್ಕು’ ಚೆಂದವೇ, ಆದರೆ ಮಗು ಇದೆ ಸ್ವಾಮಿ. ಕಾತ್ರಜ್‌ನಿಂದ 12:30ಕ್ಕೆ ಹೊರಟು ಸ್ವಾರಗೇಟ್ ಹತ್ತಿರ ಊಟ, ಸಾರಸ್ ಬಾಗ್‌ನ ಮರದಡಿ ಒಂದು ತಾಸು. ಸ್ವಾರಗೇಟ್‌ನಿಂದ ಮೆಟ್ರೋ ಹಿಡಿದರೆ ಎರಡನೇ ನಿಲ್ದಾಣವೇ ಕಸಬಾ ಪೇಠ್, ವಾಡೆ ಅಲ್ಲಿಂದ ಹತ್ತಿರ. 3:30ರ ಒಳಗೆ ತಲುಪಿ, ವಾಡೆ ಸಂಜೆಯವರೆಗೆ ಮಾತ್ರ. ಮಳೆ ಬಂದರೆ ವಾಡೆ ಬಿಟ್ಟು ಬಾಜೀರಾವ್ ರಸ್ತೆಯ ಬಳಿಯ ರಾಜಾ ದಿನಕರ ಕೇಳ್ಕರ್ ವಸ್ತುಸಂಗ್ರಹಾಲಯಕ್ಕೆ ಹೋಗಿ. ದೀಪ, ಅಡಕತ್ತರಿ, ವಾದ್ಯಗಳು, ಮಗುವಿಗೂ ಬೇಜಾರಾಗದು. ಆದರೆ ಅಲ್ಲಿಯೂ ಮಹಡಿ ಹತ್ತಬೇಕು.

ಬಾಣೇರ್ ನಿವಾಸಿ:
ಶುಕ್ರವಾರ ಪಕ್ಕಾ ಮಾಡಿದೆ. ವಾಡೆಯೊಳಗೆ ಅರಮನೆ ನೋಡಲು ಸಿಗುತ್ತದಾ? ಅವ್ವ ಎಲ್ಲಿ ಕೂರಬಹುದು?

ಹಳೇ ಪೇಠೆಗಳ ಹುಚ್ಚು:
ಅರಮನೆ ಇಲ್ಲ, ಮೊದಲೇ ಹೇಳಿಬಿಡಿ. 1732ರಲ್ಲಿ ಗೃಹಪ್ರವೇಶವಾದ ಕಟ್ಟಡದ ಮರದ ಭಾಗವೆಲ್ಲ 1828ರ ಬೆಂಕಿಯಲ್ಲಿ ಹೋಯಿತು. ಒಳಗೆ ಉಳಿದಿರುವುದು ಜಗಲಿ-ಅಡಿಪಾಯ, ಸುತ್ತ ಕೋಟೆಗೋಡೆ, ಬಾಗಿಲುಗಳು. ಉತ್ತರಕ್ಕಿರುವ ದಿಲ್ಲಿ ದರವಾಜೆಯ ಮುಳ್ಳುಗಳನ್ನು ಮಗುವಿಗೆ ಎಣಿಸಲು ಹೇಳಿ: ಒಂದೊಂದು ಕದದಲ್ಲಿ 72, ಆನೆಯ ಹಣೆಯ ಎತ್ತರಕ್ಕೆ. ಆ ಬಾಗಿಲ ಮೇಲಿನ ನಗಾರಖಾನೆಗೆ (ನಗಾರಿ ಬಾರಿಸುತ್ತಿದ್ದ ಮಹಡಿಗೆ) ಹೋಗುವ ಮೆಟ್ಟಿಲು ಕಡಿದು, ಮೊಣಕಾಲು ನೋವಿದ್ದವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅಮ್ಮ ಒಳಗಿನ ತೋಟದ ನೆರಳಲ್ಲಿ ಕೂರಲಿ. ಅಪ್ಪ, ಮಗು ಗೋಡೆಯ ಮೇಲೆ ಒಂದು ಸುತ್ತು ಬರಲಿ, ಅಂಚಿನಲ್ಲಿ ಮಗುವಿನ ಕೈ ಬಿಡದಂತೆ ಹೇಳಿ.